ದಿಂಡಿನೊಳಗಿನ ಸಕ್ಕರೆ: ಹಾಸನ, ಚಿಕ್ಕಮಗಳೂರಿನ ಕೃಷಿ ತ್ಯಾಜ್ಯಕ್ಕೆ ಕಿಣ್ವ ಹಾಕಿದರೆ ಸಿಗುವುದೆಷ್ಟು?

ನವೆಂಬರ್ ಕಳೆಯುವ ಹೊತ್ತಿಗೆ ಹಾಸನ, ಬೇಲೂರು, ಅರಸೀಕೆರೆ ಕಡೆ ಮುಸುಕಿನ ಜೋಳ ಬಿಡಿಸುವ ಯಂತ್ರಗಳು ಹೊಲದಿಂದ ಹೊಲಕ್ಕೆ ತಿರುಗಿ ಸುಸ್ತಾಗಿರುತ್ತವೆ. ಕಾಳು ಮಂಡಿಗೆ ಹೋಗುತ್ತದೆ, ದಿಂಡು ಬದುವಿನ ಪಕ್ಕ ಗುಡ್ಡೆ ಬೀಳುತ್ತದೆ. ಅದೇ ಹೊತ್ತಿಗೆ ತರೀಕೆರೆ, ಕೊಪ್ಪದ ಕಡೆ ಸುಲಿದ ಅಡಿಕೆಯ ಸಿಪ್ಪೆ ರಸ್ತೆ ಬದಿಗೆ ಬರುತ್ತದೆ. ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಪಲ್ಪರ್, ತಿರುಗಲು ಶುರುವಾಗಿ ಕಾಫಿ ಹಣ್ಣಿನ ಸಿಪ್ಪೆಯ ಗುಂಡಿ ತುಂಬತೊಡಗುತ್ತದೆ. ಈ ಗುಡ್ಡೆಗಳಲ್ಲಿ ಒಣ ತೂಕದ ಅರ್ಧಕ್ಕೂ ಹೆಚ್ಚು ಪಾಲು, ರಸಾಯನಶಾಸ್ತ್ರದ ಲೆಕ್ಕದಲ್ಲಿ, ಸಕ್ಕರೆಯೇ. ಆದರೆ ಬಾಯಿಗೆ ಹಾಕಿದರೆ ಅದು ಸಿಹಿಯಲ್ಲ.

ಈ ಸಕ್ಕರೆಯನ್ನು ಕಿಣ್ವಗಳಿಂದ ಬಿಡಿಸಿ ತೆಗೆಯುವ ಮಾತು ಈಗ ಜೋರಾಗಿರುವುದಕ್ಕೆ ಕಾರಣ ಪೆಟ್ರೋಲ್ ಬಂಕಿನಲ್ಲಿದೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿತು. ಅದರ ಬಹುಪಾಲು ಬಂದದ್ದು ಕಬ್ಬು, ಅಕ್ಕಿ ಮತ್ತು ಮುಸುಕಿನ ಜೋಳದ ಕಾಳಿನಿಂದ, ಅಂದರೆ ಮನುಷ್ಯ, ಕೋಳಿ, ದನ ತಿನ್ನಬಹುದಾದ ಪದಾರ್ಥದಿಂದ. ಕಾಳು ಬಿಟ್ಟು ಕಡ್ಡಿಯಿಂದ ತೆಗೆಯುವುದು ಎರಡನೇ ತಲೆಮಾರಿನ ಎಥೆನಾಲ್. ಅದಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಪಿಎಂ ಜಿ-ವನ್ ಯೋಜನೆ ತಂದಿತು. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಕಟ್ಟಿದ, ಭತ್ತದ ಹುಲ್ಲಿನಿಂದ ನಡೆಯುವ ಘಟಕ 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾಯಿತು. ನಮ್ಮ ರಾಜ್ಯದಲ್ಲಿ ಹರಿಹರದ ಬಳಿ ದಿನಕ್ಕೆ 60 ಸಾವಿರ ಲೀಟರಿನ ಘಟಕದ ಪ್ರಸ್ತಾವವನ್ನು ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಮುಂದಿಟ್ಟಿತ್ತು. ಹಾಗಿದ್ದ ಮೇಲೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇಂಥದ್ದೊಂದು ಏಕೆ ಆಗಬಾರದು ಎಂಬ ಪ್ರಶ್ನೆ ಸಹಜ.

ಕಿಣ್ವ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಖರ್ಚು ಕೂರುವುದು ಕಿಣ್ವಕ್ಕೆ ಮುಂಚಿನ ಹಂತದಲ್ಲಿ, ನೀರಿನಲ್ಲಿ ಮತ್ತು ಸಾಗಣೆಯಲ್ಲಿ. ಆ ಮೂರನ್ನೂ ಕೂಡಿಸಿ ನೋಡಿದರೆ ಈ ಎರಡು ಜಿಲ್ಲೆಗಳ ಹಲವು ಬಗೆಯ ತ್ಯಾಜ್ಯದಲ್ಲಿ ಒಂದೆರಡು ಮಾತ್ರ ಕಿಣ್ವದ ತೊಟ್ಟಿಗೆ ಇಳಿಯಲು ಯೋಗ್ಯ.

ಆಲೂಗಡ್ಡೆಗೂ ದಿಂಡಿಗೂ ಇರುವ ಅಂತರ

ಹಾಸನದ ಆಲೂಗಡ್ಡೆಯಲ್ಲಿರುವ ಪಿಷ್ಟವೂ ಗ್ಲುಕೋಸಿನ ಸರಪಳಿ, ಜೋಳದ ದಿಂಡಿನ ಸೆಲ್ಯುಲೋಸ್ ಕೂಡ ಗ್ಲುಕೋಸಿನದೇ ಸರಪಳಿ. ವ್ಯತ್ಯಾಸ ಕೊಂಡಿ ಹಾಕಿರುವ ರೀತಿಯಲ್ಲಿದೆ. ಪಿಷ್ಟದ ಆಲ್ಫಾ ಕೊಂಡಿಯಿಂದ ಸರಪಳಿ ಸುರುಳಿಯಾಗುತ್ತದೆ, ಬಿಸಿನೀರಿಗೆ ಉಬ್ಬುತ್ತದೆ, ನಮ್ಮ ಎಂಜಲಿನ ಅಮೈಲೇಸ್ ಕೂಡ ಅದನ್ನು ಕತ್ತರಿಸುತ್ತದೆ. ಸೆಲ್ಯುಲೋಸಿನ ಬೀಟಾ ಕೊಂಡಿಯಿಂದ ಸರಪಳಿಗಳು ನೇರವಾಗಿ, ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿಕೊಂಡು ಹರಳಿನಂತಾಗುತ್ತವೆ. ಒಳಗೆ ನೀರಿಗೇ ಜಾಗ ಸಿಗುವುದಿಲ್ಲ, ಇನ್ನು ಕಿಣ್ವಕ್ಕೆಲ್ಲಿಯ ಜಾಗ? ಆ ಎಳೆಗಳ ಸುತ್ತ ಹೆಮಿಸೆಲ್ಯುಲೋಸ್ ಹೆಣೆದುಕೊಂಡಿರುತ್ತದೆ. ದಿಂಡು, ಹುಲ್ಲುಗಳಲ್ಲಿ ಇದು ಬಹುತೇಕ ಕ್ಸೈಲಾನ್, ಒಡೆದರೆ ಸಿಗುವುದು ಕ್ಸೈಲೋಸ್. ಇವೆರಡರ ನಡುವೆ ಗಾರೆ ಮೆತ್ತಿದ ಹಾಗೆ ಲಿಗ್ನಿನ್. ಲಿಗ್ನಿನ್ ಸಕ್ಕರೆಯಲ್ಲ, ಸಕ್ಕರೆ ಆಗುವುದೂ ಇಲ್ಲ.

ಸೆಲ್ಯುಲೇಸ್ ಎಂದು ಒಂದೇ ಹೆಸರಿನಲ್ಲಿ ಮಾರುವ ದ್ರವದಲ್ಲಿ ಇರುವುದು ಒಂದು ತಂಡ. ಎಂಡೋಗ್ಲುಕನೇಸ್ ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ಕಡಿಯುತ್ತದೆ. ಸೆಲೋಬಯೋಹೈಡ್ರೊಲೇಸ್ ಹೀಗೆ ಸಿಕ್ಕ ತುದಿಯನ್ನು ಹಿಡಿದು ಎರಡೆರಡು ಗ್ಲುಕೋಸಿನ ತುಂಡುಗಳಾಗಿ ಕತ್ತರಿಸುತ್ತ ಸಾಗುತ್ತದೆ. ಆ ತುಂಡು ಸೆಲೋಬಯೋಸ್. ಅದನ್ನು ಎರಡು ಗ್ಲುಕೋಸ್ ಮಾಡುವುದು ಬೀಟಾ-ಗ್ಲುಕೋಸಿಡೇಸ್. ಈ ಮೂರನೆಯದು ಕಡಿಮೆ ಬಿದ್ದರೆ ಸೆಲೋಬಯೋಸ್ ಗುಡ್ಡೆಯಾಗಿ ಎರಡನೆಯದರ ಕೈಕಟ್ಟುತ್ತದೆ. ಅಗ್ಗದ ಕಿಣ್ವದಲ್ಲಿ ಮೊದಲ ಆರು ಗಂಟೆ ಸಕ್ಕರೆ ಚೆನ್ನಾಗಿ ಏರಿ ಆಮೇಲೆ ಗೆರೆ ಮಲಗಿಬಿಡುವುದಕ್ಕೆ ಸಾಮಾನ್ಯ ಕಾರಣ ಇದೇ. ಹರಳಿನ ಮೇಲ್ಮೈಯನ್ನು ಆಮ್ಲಜನಕದ ಸಹಾಯದಿಂದ ಸೀಳುವ ಎಲ್‌ಪಿಎಂಒ ಎಂಬ ನಾಲ್ಕನೆಯ ಗುಂಪಿನ ಪಾತ್ರ ಸ್ಪಷ್ಟವಾದದ್ದು 2010ರ ಆಸುಪಾಸಿನಲ್ಲಿ. ಈಗಿನ ಒಳ್ಳೆಯ ಮಿಶ್ರಣಗಳಲ್ಲಿ ಅದೂ ಇರುತ್ತದೆ.

ತಂಡದ ಮುಖ್ಯ ಮೂಲ ಟ್ರೈಕೋಡರ್ಮಾ ರೀಸಿ ಎಂಬ ಶಿಲೀಂಧ್ರ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿ ಬಟ್ಟೆ ಡೇರೆಗಳನ್ನು ತಿಂದುಹಾಕಿದ್ದು ಇದೇ.

ಟ್ರೈಕೋಡರ್ಮಾ ಎಂಬ ಹೆಸರು ಕೇಳಿದೊಡನೆ ಮಲೆನಾಡಿನ ಬೆಳೆಗಾರರಿಗೆ ನೆನಪಾಗುವುದು ಕಾಳುಮೆಣಸಿನ ಸೊರಗು ರೋಗಕ್ಕೆ ಗೊಬ್ಬರದಲ್ಲಿ ಬೆರೆಸಿ ಹಾಕುವ ಪ್ಯಾಕೆಟ್ಟು. ಕುಲ ಒಂದೇ, ಕೆಲಸ ಬೇರೆ. ಪ್ಯಾಕೆಟ್ಟಿನಲ್ಲಿರುವುದು ಜೀವಂತ ಬೀಜಕಣ. ಅದನ್ನು ಅಡಿಕೆ ಸಿಪ್ಪೆಗೆ ಎರಚಿದರೆ ಶಿಲೀಂಧ್ರ ಬೆಳೆದು, ಕಿಣ್ವ ಸುರಿಸಿ, ಸಕ್ಕರೆ ಬಿಡಿಸಿ, ಬಿಡಿಸಿದ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಕೊನೆಗೆ ಉಳಿಯುವುದು ಗೊಬ್ಬರ. ಗೊಬ್ಬರ ಬೇಕಿದ್ದವರಿಗೆ ಅದು ಸರಿಯಾದ ದಾರಿಯೇ. ಸಕ್ಕರೆ ಬೇಕಿದ್ದರೆ ಮಾತ್ರ ಶಿಲೀಂಧ್ರವನ್ನು ಹೊರಗಿಟ್ಟು ಅದರ ಕಿಣ್ವವನ್ನಷ್ಟೇ ತೊಟ್ಟಿಗೆ ಹಾಕಬೇಕು.

ಯಾವ ಗುಡ್ಡೆ, ಯಾವುದಕ್ಕೆ

ರಾಗಿ ಹುಲ್ಲನ್ನು ಈ ಪಟ್ಟಿಯಿಂದ ಮೊದಲೇ ತೆಗೆದುಬಿಡಬೇಕು. ಹಾಸನ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಮನೆಗಳಲ್ಲಿ ಮೆದೆ ಹಾಕಿದ ರಾಗಿ ಹುಲ್ಲು ಕಸವಲ್ಲ, ಬ್ಯಾಂಕಿನ ಠೇವಣಿ. ಹಸುವಿನ ಮೆಲುಕು ಚೀಲದಲ್ಲಿ ಸುಮಾರು 39 ಡಿಗ್ರಿ ಶಾಖದಲ್ಲಿ, ಸೂಕ್ಷ್ಮಾಣುಗಳು ಪುಕ್ಕಟೆಯಾಗಿ ತಯಾರಿಸುವ ಸೆಲ್ಯುಲೇಸ್ ಅದನ್ನು ಒಡೆಯುತ್ತಿದೆ. ಅದಕ್ಕೆ ಪೈಪೋಟಿ ಕೊಡುವ ಉಕ್ಕಿನ ತೊಟ್ಟಿ ಇನ್ನೂ ಬಂದಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಸೆಲ್ಯುಲೇಸಿಗೆ ಅದು ಒಳ್ಳೆಯ ಸರಕಲ್ಲ. ಅದರಲ್ಲಿರುವ ಟ್ಯಾನಿನ್‌ಗಳು ಚರ್ಮ ಹದ ಮಾಡುವ ಗುಣದವು, ಪ್ರೊಟೀನನ್ನು ಹಿಡಿದು ಗಟ್ಟಿ ಮಾಡುತ್ತವೆ. ಕಿಣ್ವವೂ ಪ್ರೊಟೀನೇ ತಾನೇ. ಇನ್ನೊಂದು ವ್ಯಂಗ್ಯವಿದೆ: ಸಿಪ್ಪೆಯಲ್ಲಿ ಒಣ ತೂಕದ ಹತ್ತನೇ ಒಂದರಷ್ಟು ಸಕ್ಕರೆ ಯಾವ ಕಿಣ್ವವೂ ಬೇಡದೆ ಬಿಡಿಯಾಗಿಯೇ ಇರುತ್ತದೆ. ಪಲ್ಪಿಂಗ್ ನೀರಿನಲ್ಲಿ ಅದು ತೊಳೆದು ಹಳ್ಳಕ್ಕೆ ಹೋಗುತ್ತದೆ.

ತೆಂಗಿನ ನಾರಿನ ಪುಡಿಯಲ್ಲಿ ಲಿಗ್ನಿನ್ ಮೂರನೇ ಒಂದರಷ್ಟೋ ಅದಕ್ಕೂ ಹೆಚ್ಚೋ ಇರುತ್ತದೆ. ಅದು ನರ್ಸರಿಗೆ ಸರಿ, ಇಲ್ಲಿಗಲ್ಲ. ಭತ್ತದ ಹುಲ್ಲಿನ ತೊಂದರೆ ಬೂದಿ. ಶೇ 12ರಿಂದ 18ರವರೆಗೆ ಇರುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅದು ಚಾಕು, ಪಂಪು, ಕವಾಟಗಳನ್ನು ಮರಳುಕಾಗದದಂತೆ ಉಜ್ಜುತ್ತದೆ. ಅಡಿಕೆ ಸಿಪ್ಪೆಯಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎರಡೂ ಸಾಕಷ್ಟಿವೆ. ಹಸಿ ಕಾಯಿಯ ತೂಕದಲ್ಲಿ ಶೇ 60ಕ್ಕೂ ಹೆಚ್ಚು ಪಾಲು ಸಿಪ್ಪೆಯೇ ಆದ್ದರಿಂದ ಪ್ರಮಾಣಕ್ಕೂ ಬರವಿಲ್ಲ. ಆದರೆ ಉದ್ದ ನಾರು ಗಿರಣಿಯ ಸುತ್ತಿಗೆಗೂ ಕಲಕುವ ದಂಡಕ್ಕೂ ಸುತ್ತಿಕೊಳ್ಳುತ್ತದೆ. ಮೊದಲು ಎರಡು ಸೆಂಟಿಮೀಟರಿಗೆ ಕತ್ತರಿಸಿ ಆಮೇಲೆ ಪುಡಿ ಮಾಡಬೇಕು, ಒಂದೇ ಏಟಿಗೆ ಪುಡಿ ಮಾಡಲು ಹೋದರೆ ಮೋಟಾರು ಸುಡುತ್ತದೆ.

ಉಳಿದದ್ದು ಜೋಳದ ದಿಂಡು, ಮತ್ತು ಈ ಪಟ್ಟಿಯಲ್ಲಿ ಅದೇ ಮೊದಲು. ಸೆಲ್ಯುಲೋಸ್ ಶೇ 35–40, ಹೆಮಿಸೆಲ್ಯುಲೋಸ್ ಶೇ 30–35, ಲಿಗ್ನಿನ್ ಶೇ 15ರ ಆಸುಪಾಸು, ಬೂದಿ ಕಡಿಮೆ. ದನ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಾಳಿನ ಜೊತೆ ಒಂದೇ ಕಡೆ ಬಂದು ಬೀಳುವುದರಿಂದ ಆರಿಸುವ ಕೂಲಿಯಿಲ್ಲ, ಮಣ್ಣು ಹತ್ತಿರುವುದಿಲ್ಲ. ಒಂದು ಕ್ವಿಂಟಲ್ ಕಾಳಿಗೆ ಸುಮಾರು 18 ಕಿಲೊ ದಿಂಡು ಸಿಗುತ್ತದೆ. ಎಕರೆಗೆ 20 ಕ್ವಿಂಟಲ್ ಇಳುವರಿ ಎಂದು ಹಿಡಿದರೆ ಮೂರೂವರೆ ಕ್ವಿಂಟಲ್. ಈ ಕೊನೆಯ ಅಂಕಿಯನ್ನು ಮುಂದಿನ ಲೆಕ್ಕಕ್ಕೆ ನೆನಪಿಟ್ಟುಕೊಳ್ಳಬೇಕು.

ಕಿಣ್ವಕ್ಕೆ ಮುಂಚಿನ ಕೆಲಸ

ಹಸಿ ದಿಂಡನ್ನು ಪುಡಿ ಮಾಡಿ ನೇರವಾಗಿ ಕಿಣ್ವ ಸುರಿದರೆ ಮೂರು ದಿನವಾದರೂ ಸೆಲ್ಯುಲೋಸಿನ ಐದನೇ ಒಂದರಷ್ಟೂ ಒಡೆಯುವುದು ಕಷ್ಟ. ಮೊದಲು ಲಿಗ್ನಿನ್ನನ್ನೋ ಹೆಮಿಸೆಲ್ಯುಲೋಸನ್ನೋ ಸಡಿಲಿಸಿ ದಾರಿ ಮಾಡಿಕೊಡಬೇಕು. ಇದನ್ನು ಪೂರ್ವೋಪಚಾರ ಎನ್ನೋಣ. ಹೆಸರು ಹೊಸದಾದರೂ ಹಳ್ಳಿಗೆ ವಿಷಯ ಹೊಸದಲ್ಲ. 100 ಕಿಲೊ ಒಣ ಹುಲ್ಲಿಗೆ 4 ಕಿಲೊ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವ ಮೇವಿನ ಉಪಚಾರವೂ ಇದೇ ಜಾತಿಯದು. ಯೂರಿಯಾದಿಂದ ಬಿಡುಗಡೆಯಾದ ಅಮೋನಿಯಾ ಕ್ಷಾರವಾಗಿ ಲಿಗ್ನಿನ್ನಿನ ಹಿಡಿತ ಸಡಿಲಿಸುತ್ತದೆ, ಮೆಲುಕು ಚೀಲದ ಕಿಣ್ವ ಒಳಗೆ ನುಗ್ಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ದಿಂಡಿಗೆ ಸುಲಭವಾದದ್ದು ಕಾಸ್ಟಿಕ್ ಸೋಡಾ. ದಿಂಡನ್ನು 2 ಮಿಲಿಮೀಟರ್ ಜರಡಿಗೆ ಇಳಿಯುವಂತೆ ಪುಡಿ ಮಾಡಿದರೆ ಸಾಕು. ಅದಕ್ಕಿಂತ ನುಣ್ಣಗೆ ಮಾಡಿದರೆ ಕರೆಂಟು ಸುಡುತ್ತದೆಯೇ ಹೊರತು ಸಕ್ಕರೆ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಂದಿಷ್ಟನ್ನು ಒಣಗಿಸಿ ತೇವಾಂಶ ತಿಳಿದುಕೊಳ್ಳಬೇಕು, ಮುಂದಿನ ಎಲ್ಲ ಲೆಕ್ಕ ಒಣ ತೂಕದ ಮೇಲೆಯೇ. ಒಣ ಲೆಕ್ಕದ 100 ಗ್ರಾಂ ಪುಡಿಗೆ ಶೇ 2ರ ಕಾಸ್ಟಿಕ್ ದ್ರಾವಣ ಒಂದು ಲೀಟರ್, 121 ಡಿಗ್ರಿಯಲ್ಲಿ ಒಂದು ಗಂಟೆ. ಆಟೋಕ್ಲೇವಿನಲ್ಲಿ, ಅಂದರೆ ಪ್ರಯೋಗಾಲಯದ ಪ್ರೆಶರ್ ಕುಕ್ಕರಿನಲ್ಲಿ, ಇದು 15 ಪೌಂಡ್ ಒತ್ತಡ. ಅಲ್ಯುಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ: ಕಾಸ್ಟಿಕ್ ಅದನ್ನು ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ. ಹೊರಬರುವ ಕಾಫಿ ಡಿಕಾಕ್ಷನ್ ಬಣ್ಣದ ದ್ರವದಲ್ಲಿ ಲಿಗ್ನಿನ್ ಮತ್ತು ಕ್ಸೈಲಾನಿನ ಒಂದು ಪಾಲು ಇರುತ್ತದೆ. ಉಳಿದ ಘನವನ್ನು ಬಟ್ಟೆಯಲ್ಲಿ ಹಿಂಡಿ, ತೊಳೆದ ನೀರು ತಟಸ್ಥವಾಗುವವರೆಗೆ ತೊಳೆಯಬೇಕು. ಮೊದಲಿನ ತೂಕದ ಶೇ 60ರ ಆಸುಪಾಸು ಉಳಿಯುತ್ತದೆ, ಅದರಲ್ಲಿ ಸೆಲ್ಯುಲೋಸಿನ ಪಾಲು ಶೇ 60ಕ್ಕೆ ಏರಿರುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ತೊಳೆದ ಘನವನ್ನು ನಾಳೆಗಿರಲಿ ಎಂದು ಓವನ್ನಿನಲ್ಲಿ ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಒಣಗುವಾಗ ಕಷ್ಟಪಟ್ಟು ತೆರೆದ ಸೂಕ್ಷ್ಮ ರಂಧ್ರಗಳು ಕುಸಿದು ಅಂಟಿಕೊಳ್ಳುತ್ತವೆ, ಮತ್ತೆ ನೀರು ಹಾಕಿದರೂ ಪೂರ್ತಿ ತೆರೆಯುವುದಿಲ್ಲ. ಹಸಿಯಾಗಿಯೇ ಫ್ರಿಜ್ಜಿನಲ್ಲಿಟ್ಟು, ಚಿಕ್ಕ ಮಾದರಿಯಿಂದ ಮಾತ್ರ ತೇವಾಂಶ ಅಳೆಯುವುದು ಸರಿ.

ಈಗ ಇದೇ ಪಾಕವನ್ನು ಒಂದು ಟನ್ನಿಗೆ ಏರಿಸಿ ನೋಡಿ. 10 ಸಾವಿರ ಲೀಟರ್ ದ್ರಾವಣ, ಅದರಲ್ಲಿ 200 ಕಿಲೊ ಕಾಸ್ಟಿಕ್ ಸೋಡಾ. ಆಮೇಲೆ ತೊಳೆಯಲು ಇನ್ನೂ ಅದಕ್ಕಿಂತ ಹೆಚ್ಚು ನೀರು. ಕೊನೆಗೆ ಉಳಿಯುವ ಕಪ್ಪು ನೀರನ್ನು ಹೇಮಾವತಿಗೆ ಬಿಡುವಂತಿಲ್ಲ, ತೋಟಕ್ಕೂ ಬಿಡುವಂತಿಲ್ಲ, ಸೋಡಿಯಂ ಮಣ್ಣನ್ನು ಕೆಡಿಸುತ್ತದೆ. ಪ್ರಯೋಗಾಲಯದ ಒಳ್ಳೆಯ ಫಲಿತಾಂಶ ಕಾರ್ಖಾನೆಯ ಬಾಗಿಲಲ್ಲಿ ಸಾಯುವುದು ಹೀಗೆ. ಅದಕ್ಕಾಗಿಯೇ ದೊಡ್ಡ ಘಟಕಗಳು ತುಂಬ ಕಡಿಮೆ ನೀರಿನಲ್ಲಿ, ದುರ್ಬಲ ಗಂಧಕಾಮ್ಲದೊಡನೆಯೋ ಬರಿ ಹಬೆಯಲ್ಲೋ 180ರಿಂದ 200 ಡಿಗ್ರಿಯಲ್ಲಿ ಕೆಲವೇ ನಿಮಿಷ ಬೇಯಿಸಿ ಒತ್ತಡವನ್ನು ಒಮ್ಮೆಲೇ ಬಿಡುತ್ತವೆ. 200 ಡಿಗ್ರಿಯ ಹಬೆ ಎಂದರೆ 15 ಬಾರ್‌ಗೂ ಹೆಚ್ಚಿನ ಒತ್ತಡ, ಆಮ್ಲ ತಾಳುವ ದುಬಾರಿ ಉಕ್ಕು, ಬಾಯ್ಲರ್ ಪರವಾನಗಿ. ಬೇಯಿಸುವುದು ಎರಡು ನಿಮಿಷ ಹೆಚ್ಚಾದರೆ ಕ್ಸೈಲೋಸ್ ಸೀದು ಫರ್ಫುರಾಲ್ ಆಗುತ್ತದೆ. ಅದೂ, ಕ್ಸೈಲಾನಿನಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲವೂ ಮುಂದೆ ಯೀಸ್ಟಿಗೆ ವಿಷ. ಎರಡು ನಿಮಿಷ ಕಡಿಮೆಯಾದರೆ ಕಿಣ್ವಕ್ಕೆ ದಾರಿಯಿಲ್ಲ. ಅಷ್ಟು ಇಕ್ಕಟ್ಟಿನ ದಾರಿ ಅದು.

ಮುದ್ದೆಯ ಹದ

ಕಿಣ್ವದ ಹಂತಕ್ಕೆ ಬೇಕಾದದ್ದು 50 ಡಿಗ್ರಿ ಶಾಖ, ಪಿಎಚ್ (ಹುಳಿ-ಕ್ಷಾರದ ಅಳತೆ) 4.8ರಿಂದ 5, ಮತ್ತು ತಾಳ್ಮೆ. ಪಿಎಚ್ ಏರಿಳಿಯದಂತೆ ಹಿಡಿಯಲು ಪ್ರಯೋಗಾಲಯದಲ್ಲಿ 0.05 ಮೋಲಾರ್ ಸಿಟ್ರೇಟ್ ಬಫರ್ ಹಾಕುತ್ತಾರೆ. ಸರಿಯಾಗಿ ತೊಳೆಯದ ಘನದಲ್ಲಿ ಕಾಸ್ಟಿಕ್ ಉಳಿದಿದ್ದರೆ ಅದು ನಿಧಾನವಾಗಿ ಹೊರಬಂದು ಪಿಎಚ್ ಅನ್ನು 6ರ ಮೇಲೆ ತಳ್ಳುತ್ತದೆ, ಆದ್ದರಿಂದ ಕಿಣ್ವ ಹಾಕುವ ಮುಂಚೆ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯಬೇಕು. 60 ಡಿಗ್ರಿ ದಾಟಿದರೆ ಟ್ರೈಕೋಡರ್ಮಾ ಕಿಣ್ವ ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ತೊಟ್ಟಿಯ ತಳಕ್ಕೆ ನೇರ ಉರಿ ಕೊಡುವವರು ಥರ್ಮಾಮೀಟರನ್ನು ನಡುವೆ ಇಳಿಬಿಟ್ಟು 50 ಎಂದು ನೆಮ್ಮದಿಯಿಂದಿರುತ್ತಾರೆ, ತಳದಲ್ಲಿ ಅದು 70 ಇರುತ್ತದೆ. ಬಿಸಿನೀರಿನ ಹೊದಿಕೆ ಇರುವ ತೊಟ್ಟಿಯೇ ಬೇಕು.

ಕಿಣ್ವದ ಬಲವನ್ನು ಎಫ್‌ಪಿಯು, ಅಂದರೆ ಸೋಸುಕಾಗದದ ಏಕಮಾನದಲ್ಲಿ ಹೇಳುತ್ತಾರೆ. ಈ ಅಳತೆಯ ಪ್ರಮಾಣಿತ ವಿಧಾನವನ್ನು 1987ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟಕ್ಕಾಗಿ ಬರೆದುಕೊಟ್ಟವರು ದೆಹಲಿ ಐಐಟಿಯ ಟಿ.ಕೆ. ಘೋಷ್. ವಾಟ್‌ಮನ್ ನಂಬರ್ 1 ಕಾಗದದ 1 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದದ ಪಟ್ಟಿ ಸುಮಾರು 50 ಮಿಲಿಗ್ರಾಂ ತೂಗುತ್ತದೆ. 50 ಡಿಗ್ರಿಯಲ್ಲಿ 60 ನಿಮಿಷಕ್ಕೆ ಅದರಿಂದ ಸರಿಯಾಗಿ 2 ಮಿಲಿಗ್ರಾಂ ಗ್ಲುಕೋಸ್ ಬಿಡಿಸಲು ಕಿಣ್ವವನ್ನು ಎಷ್ಟು ತೆಳುಗೊಳಿಸಬೇಕಾಯಿತು ಎಂಬುದರಿಂದ ಬಲದ ಲೆಕ್ಕ. ಪ್ರತಿ ಗ್ರಾಂ ಸೆಲ್ಯುಲೋಸಿಗೆ 10ರಿಂದ 20 ಏಕಮಾನ ಹಾಕುವುದು ರೂಢಿ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ವ್ಯಾನಿನಲ್ಲಿ ಬಂದ ಕ್ಯಾನಿನ ಮೇಲೆ ಏನೇ ಬರೆದಿರಲಿ, ಈ ಪಟ್ಟಿ ಪರೀಕ್ಷೆ ಮಾಡದೆ ನಂಬಬಾರದು.

ಇನ್ನು ಘನ ಎಷ್ಟು, ನೀರು ಎಷ್ಟು ಎಂಬ ಪ್ರಶ್ನೆ. ಒಂದು ಲೀಟರಿಗೆ 100 ಗ್ರಾಂ ಘನ ಹಾಕಿದರೆ ಅದರಲ್ಲಿ 60 ಗ್ರಾಂ ಸೆಲ್ಯುಲೋಸ್. ನೂರಕ್ಕೆ 80 ಒಡೆದರೆ ಸುಮಾರು 53 ಗ್ರಾಂ ಗ್ಲುಕೋಸ್. ಇದನ್ನು ಹುದುಗಿಸಿದರೆ ಎಥೆನಾಲ್ ಶೇ 2.4ರ ಆಸುಪಾಸು. ಶೇ 4ಕ್ಕಿಂತ ತೆಳುವಾದ ಮದ್ಯಸಾರವನ್ನು ಬಟ್ಟಿ ಇಳಿಸುವುದೆಂದರೆ ಹೆಚ್ಚುಕಡಿಮೆ ನೀರನ್ನೇ ಕುದಿಸುವುದು. ಹಾಗಾದರೆ ಘನವನ್ನು ಲೀಟರಿಗೆ 200 ಗ್ರಾಂ ಮಾಡೋಣ ಎನ್ನಿಸುತ್ತದೆ. ಆಗ ತೊಟ್ಟಿಯಲ್ಲಿ ಕಾಣುವುದು ದ್ರಾವಣವಲ್ಲ, ಕೋಲಿಗೆ ಸಿಕ್ಕ ರಾಗಿ ಮುದ್ದೆ. ಎಳೆಗಳು ನೀರನ್ನೆಲ್ಲ ಹೀರಿಕೊಂಡು ಬಿಡಿ ನೀರೇ ಇರುವುದಿಲ್ಲ. ಕಲಕುವ ದಂಡ ತನ್ನ ಸುತ್ತ ಮಾತ್ರ ತಿರುಗುತ್ತದೆ, ಗೋಡೆ ಪಕ್ಕದಲ್ಲಿ ಕಿಣ್ವ ತಲುಪದ ಗಂಟುಗಳು ಉಳಿಯುತ್ತವೆ. ಪರಿಹಾರವೂ ಅಡುಗೆಮನೆಯದೇ: ಹಿಟ್ಟನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಹಾಕುವುದು. ಮೊದಲು ಅರ್ಧ ಘನ ಮತ್ತು ಪೂರ್ತಿ ಕಿಣ್ವ. ಎಂಟು ಹತ್ತು ಗಂಟೆಯಲ್ಲಿ ಅದು ತೆಳುವಾದ ಮೇಲೆ ಕಾಲು ಭಾಗ, ಮತ್ತೆ ತೆಳುವಾದ ಮೇಲೆ ಉಳಿದ ಕಾಲು. ಕಿಣ್ವವನ್ನು ಹಂಚಿ ಹಾಕಿದರೆ ಮೊದಲ ಕಂತೇ ತೆಳುವಾಗದೆ ಕೂರುತ್ತದೆ.

24 ಗಂಟೆಯ ನಂತರ ಸಕ್ಕರೆ ಏರುವುದರ ಬದಲು ಇಳಿದರೆ, ಪಿಎಚ್ ಕೂಡ ಇಳಿದು ಹುಳಿ ವಾಸನೆ ಬಂದರೆ, ಕಿಣ್ವವನ್ನು ದೂರಬೇಡಿ. ಶಾಖ ತಾಳುವ ಬ್ಯಾಕ್ಟೀರಿಯಾ ಸೇರಿಕೊಂಡು ಸಕ್ಕರೆಯನ್ನು ಆಮ್ಲ ಮಾಡುತ್ತಿವೆ. ಪ್ರಯೋಗಾಲಯದಲ್ಲಿ ಇದಕ್ಕೆ ಸೋಡಿಯಂ ಅಜೈಡ್ ಹಾಕುತ್ತಾರೆ. ಅದು ಕಡು ವಿಷ, ತಿನ್ನುವ ಅಥವಾ ಹುದುಗಿಸುವ ಸಕ್ಕರೆಗೆ ಹಾಕುವಂತಿಲ್ಲ. ಅಲ್ಲಿ ತೊಟ್ಟಿ ಮತ್ತು ಕೊಳವೆಯನ್ನು ಹಬೆಯಲ್ಲಿ ಶುಚಿ ಮಾಡುವುದೊಂದೇ ದಾರಿ. ಹಾಗೆಯೇ ತೋಟಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣಕ್ಕೆ ಬಳಸಿದ ಡ್ರಮ್ಮನ್ನು ಕಿಣ್ವದ ಹತ್ತಿರ ತರಬಾರದು, ತಾಮ್ರದ ಉಳಿಕೆ ಕಿಣ್ವವನ್ನು ಹತ್ತಿಕ್ಕುತ್ತದೆ.

ಅಳತೆಯ ಮೋಸವೂ ಕಡಿಮೆಯಿಲ್ಲ. ಕಬ್ಬಿನ ರಸಕ್ಕೆ ಬಳಸುವ ಬ್ರಿಕ್ಸ್ ಮೀಟರ್ ಬಫರಿನ ಲವಣ, ಕರಗಿದ ಲಿಗ್ನಿನ್ ಎಲ್ಲವನ್ನೂ ಸಕ್ಕರೆ ಎಂದು ತೋರಿಸುತ್ತದೆ. ಮಧುಮೇಹಿಗಳ ಗ್ಲುಕೋಮೀಟರಿನ ಕೆಲವು ಪಟ್ಟಿಗಳು ಕ್ಸೈಲೋಸನ್ನೂ ಗ್ಲುಕೋಸ್ ಎಂದೇ ಓದುತ್ತವೆ. ಕಾಲೇಜುಗಳ ನೆಚ್ಚಿನ ಡಿಎನ್‌ಎಸ್ ಎಂಬ ಬಣ್ಣದ ಪರೀಕ್ಷೆ ಗ್ಲುಕೋಸ್, ಕ್ಸೈಲೋಸಿನಂಥ ಎಲ್ಲ ಅಪಕರ್ಷಕ ಸಕ್ಕರೆಗಳನ್ನು ಒಟ್ಟಿಗೆ ಎಣಿಸುತ್ತದೆ, ಕಂದು ಬಣ್ಣದ ಮಾದರಿಯಲ್ಲಿ ಇನ್ನಷ್ಟು ಹೆಚ್ಚು ತೋರಿಸುತ್ತದೆ. ಕಿಣ್ವವಿಲ್ಲದ ಘನದ್ದೊಂದು, ಘನವಿಲ್ಲದ ಕಿಣ್ವದ್ದೊಂದು ಹೀಗೆ ಎರಡು ಖಾಲಿ ಮಾದರಿಗಳನ್ನು ಕಳೆಯದ ಫಲಿತಾಂಶಕ್ಕೆ ಬೆಲೆಯಿಲ್ಲ.

ಒಂದು ಟನ್ನಿನ ಲೆಕ್ಕ

ಒಂದು ಟನ್ ದಿಂಡು, ಶೇ 10 ತೇವ, ಉಳಿದದ್ದು 900 ಕಿಲೊ. ಶೇ 38 ಸೆಲ್ಯುಲೋಸ್ ಎಂದರೆ 342 ಕಿಲೊ. ಒಡೆಯುವಾಗ ನೀರಿನ ಅಣು ಸೇರುವುದರಿಂದ ಪ್ರತಿ ಕಿಲೊಗೆ 1.11 ಕಿಲೊ ಗ್ಲುಕೋಸ್ ಆಗುತ್ತದೆ. ಪೂರ್ತಿ ಸಿಕ್ಕರೆ 380 ಕಿಲೊ, ಎಲ್ಲ ನಷ್ಟ ಕಳೆದು ಮುಕ್ಕಾಲು ಪಾಲು ಸಿಕ್ಕಿತೆಂದರೆ 285 ಕಿಲೊ. ಅದರಿಂದ ಎಥೆನಾಲ್ ಸುಮಾರು 165 ಲೀಟರ್. ಪಾಣಿಪತ್ ಘಟಕದ ಘೋಷಿತ ಅಂಕಿ ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥೆನಾಲ್, ಅಂದರೆ ಟನ್ನಿಗೆ 150 ಲೀಟರ್. ಲೆಕ್ಕ ಕೂಡುತ್ತದೆ. ಇದಕ್ಕಿಂತ ಬಹಳ ಹೆಚ್ಚು ಹೇಳುವವರು ಕ್ಸೈಲೋಸನ್ನೂ ಎಥೆನಾಲ್ ಆಗಿ ಎಣಿಸಿರುತ್ತಾರೆ, ಆದರೆ ಬ್ರೆಡ್ಡಿಗೆ, ಸಾರಾಯಿಗೆ ಬಳಸುವ ಸಾಮಾನ್ಯ ಯೀಸ್ಟ್ ಕ್ಸೈಲೋಸನ್ನು ಹುದುಗಿಸುವುದಿಲ್ಲ. ಅದಕ್ಕೆ ಮಾರ್ಪಡಿಸಿದ ತಳಿ ಬೇಕು.

ಕಿಣ್ವದ ಪಾಲು ನೋಡಿ. ಗ್ರಾಂ ಸೆಲ್ಯುಲೋಸಿಗೆ 20 ಮಿಲಿಗ್ರಾಂ ಪ್ರೊಟೀನ್ ಎಂದರೆ ಈ ಒಂದು ಟನ್ನಿಗೆ ಸುಮಾರು 7 ಕಿಲೊ ಶುದ್ಧ ಕಿಣ್ವ ಪ್ರೊಟೀನ್. ಒಂದು ಲೀಟರ್ ಎಥೆನಾಲಿನ ತಲೆಗೆ 40 ಗ್ರಾಂ. ಜೋಳದ ಕಾಳಿನ ಪಿಷ್ಟ ಒಡೆಯಲು ಇದರ ಹತ್ತನೇ ಒಂದು ಪಾಲೂ ಬೇಡ. ಇನ್ನು ಸರಕು: ಎಕರೆಗೆ ಮೂರೂವರೆ ಕ್ವಿಂಟಲ್ ಲೆಕ್ಕದಲ್ಲಿ ಪಾಣಿಪತ್ ಗಾತ್ರದ ಘಟಕಕ್ಕೆ ದಿಂಡು ಒದಗಿಸಲು ಐದೂವರೆ ಲಕ್ಷಕ್ಕೂ ಹೆಚ್ಚು ಎಕರೆ ಜೋಳ ಬೇಕು, ಅದೂ ಒಂದು ದಿಂಡೂ ಒಲೆಗೆ ಹೋಗದೆ. ಬಿಡಿ ದಿಂಡು ಲಾರಿಯಲ್ಲಿ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಸುಗ್ಗಿ ಆರು ವಾರ, ಕಾರ್ಖಾನೆ ಹನ್ನೊಂದು ತಿಂಗಳು. ನಡುವಿನ ಮಳೆಗಾಲದಲ್ಲಿ ಗುಡ್ಡೆಯ ತೇವ ಶೇ 20 ದಾಟಿದರೆ ನಾವು ಬಿಡಿಸಬೇಕಾದ ಸಕ್ಕರೆಯನ್ನು ಬೂಷ್ಟು ಬಿಡಿಸಿ ತಿನ್ನುತ್ತದೆ.

ಹೊರಗಿನ ಅನುಭವವೂ ಎಚ್ಚರಿಸುವಂಥದ್ದೇ. ಇಂಥದ್ದೇ ಎಥೆನಾಲ್ ತೆಗೆಯುವ ಇಟಲಿಯ ಕ್ರೆಶೆಂಟಿನೊ ಘಟಕ 2013ರಲ್ಲಿ ಶುರುವಾಗಿ 2017ರಲ್ಲಿ ನಿಂತಿತು. ಅಮೆರಿಕದ ಅಯೋವಾದಲ್ಲಿ ಜೋಳದ ಕಡ್ಡಿಯಿಂದಲೇ ನಡೆಯಬೇಕಿದ್ದ ಘಟಕವನ್ನು ಡ್ಯುಪಾಂಟ್ ಕಂಪನಿ 2015ರಲ್ಲಿ ಉದ್ಘಾಟಿಸಿ ಎರಡೇ ವರ್ಷಕ್ಕೆ ಕೈಬಿಟ್ಟಿತು. ರುಮೇನಿಯಾದ ಪೊಡಾರಿ ಘಟಕವನ್ನು ಮುಚ್ಚುವ ನಿರ್ಧಾರವನ್ನು ಕ್ಲಾರಿಯಂಟ್ ಕಂಪನಿ 2023ರ ಕೊನೆಗೆ ಪ್ರಕಟಿಸಿತು. ಇವರೆಲ್ಲರ ಬಳಿ ಒಳ್ಳೆಯ ಕಿಣ್ವವಿತ್ತು, ಡ್ಯುಪಾಂಟ್ ಅಂತೂ ಆಗ ಕಿಣ್ವ ತಯಾರಿಸುವ ಕಂಪನಿಯೇ ಆಗಿತ್ತು. ಇಲ್ಲಿ ಜಾಗ ಹುಡುಕುವುದಕ್ಕೆ ಮುಂಚೆ ಒಂದು ಮಳೆಗಾಲ ಪೂರ್ತಿ ನೂರು ಟನ್ ದಿಂಡನ್ನು ಕೆಡದಂತೆ ಇಟ್ಟು ತೋರಿಸುವುದು ಮೊದಲ ಪರೀಕ್ಷೆಯಾಗಬೇಕು. ಇಲ್ಲದಿದ್ದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಸಣ್ಣ ಪ್ರಮಾಣದಲ್ಲಿ ದಿಂಡಿಗೆ ಎಥೆನಾಲಿಗಿಂತ ಹೊಂದುವುದು ಅದರ ಕ್ಸೈಲಾನ್. ಕ್ಷಾರದಿಂದ ಕ್ಸೈಲಾನನ್ನು ತೆಗೆದು, ಕ್ಸೈಲನೇಸ್ ಕಿಣ್ವದಿಂದ ಪೂರ್ತಿ ಒಡೆಯದೆ ಎರಡರಿಂದ ಆರು ಕೊಂಡಿಯ ತುಂಡುಗಳಲ್ಲಿ ನಿಲ್ಲಿಸಿದರೆ ಅದು ಕ್ಸೈಲೋ-ಆಲಿಗೋಸ್ಯಾಕರೈಡ್. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವೆಂದು ಕೋಳಿ, ಹಂದಿ ಮೇವಿಗೂ ಮನುಷ್ಯರ ಪುಡಿಗಳಿಗೂ ಸೇರುವ ಸರಕು. ಕಿಲೊಗೆ ಸಿಗುವ ಬೆಲೆ ಎಥೆನಾಲಿಗೆ ಹೋಲಿಸುವಂಥದ್ದಲ್ಲ. ಹಾಗೆಂದು ಸುಲಭವೂ ಅಲ್ಲ. ಕಿಣ್ವದಲ್ಲಿ ಬೀಟಾ-ಕ್ಸೈಲೊಸಿಡೇಸ್ ಸ್ವಲ್ಪ ಹೆಚ್ಚಿದ್ದರೂ ತುಂಡುಗಳೆಲ್ಲ ಬಿಡಿ ಕ್ಸೈಲೋಸ್ ಆಗಿಬಿಡುತ್ತವೆ. ಬಣ್ಣ ಮತ್ತು ಉಪ್ಪು ತೆಗೆಯಲು ಇದ್ದಿಲು, ಅಯಾನು ವಿನಿಮಯದ ರಾಳ, ಪೊರೆ ಸೋಸುವಿಕೆ ಮೂರೂ ಬೇಕಾಗುತ್ತವೆ, ಮತ್ತು ಕಾಸ್ಟಿಕ್ ನೀರಿನ ಹಳೆಯ ತಲೆನೋವು ಇಲ್ಲೂ ಇದೆ.

ಪಲ್ಪಿಂಗ್ ತೊಟ್ಟಿಯ ಕಿಣ್ವ

ಈ ಎರಡು ಜಿಲ್ಲೆಗಳಲ್ಲಿ ಕಿಣ್ವ ಇಂದೇ ಉಪಯೋಗಕ್ಕೆ ಬರುವ ಜಾಗ ಕಾಫಿ ತೋಟದಲ್ಲಿದೆ, ಆದರೆ ಅದು ಸೆಲ್ಯುಲೇಸ್ ಅಲ್ಲ, ಪೆಕ್ಟಿನೇಸ್. ಸಿಪ್ಪೆ ತೆಗೆದ ಬೀಜದ ಮೇಲಿನ ಲೋಳೆ ಬಹುಪಾಲು ನೀರು, ಪೆಕ್ಟಿನ್ ಮತ್ತು ಸಕ್ಕರೆ. ಲಿಗ್ನಿನ್ ಇಲ್ಲ, ಪೂರ್ವೋಪಚಾರ ಬೇಡ. ಸಾಂಪ್ರದಾಯಿಕವಾಗಿ ತೊಟ್ಟಿಯಲ್ಲಿ ಹುದುಗಲು ಅರೇಬಿಕಾಕ್ಕೆ 24ರಿಂದ 36 ಗಂಟೆ, ರೊಬಸ್ಟಾದ ದಪ್ಪ ಲೋಳೆಗೆ 72 ಗಂಟೆಯವರೆಗೂ ಬಿಡುತ್ತಾರೆ. ಅಷ್ಟು ಹೊತ್ತು ಪೆಕ್ಟಿನ್ ಒಡೆಯುವುದೂ ಸೂಕ್ಷ್ಮಾಣುಗಳು ಸುರಿಸಿದ ಕಿಣ್ವಗಳೇ. ಪೆಕ್ಟಿನೇಸನ್ನು ಹೊರಗಿನಿಂದ ಹಾಕಿದರೆ ಕೆಲವೇ ಗಂಟೆ ಸಾಕು, ತೊಟ್ಟಿ ಅದೇ ದಿನ ಮರುಬಳಕೆಗೆ ಸಿಗುತ್ತದೆ, ಅತಿಯಾಗಿ ಹುಳಿತು ನಾರುವ ಬೀಜದ ಭಯ ಕಡಿಮೆ.

ತಪ್ಪುವುದು ಶಾಖದಲ್ಲಿ. ಪೊಟ್ಟಣದ ಮೇಲಿನ ಸಮಯ 40 ಡಿಗ್ರಿಯ ಆಸುಪಾಸಿನ ಲೆಕ್ಕ. ಡಿಸೆಂಬರಿನಲ್ಲಿ ಬಾಬಾಬುಡನ್‌ಗಿರಿಯ ತಪ್ಪಲಿನ ತೊಟ್ಟಿಯ ನೀರು 18 ಡಿಗ್ರಿ ಇದ್ದರೆ ಅದು ಮೂರು ನಾಲ್ಕು ಪಟ್ಟಾಗುತ್ತದೆ. ಆ ಪುಡಿ ಸತ್ತದ್ದಲ್ಲ, ಚಳಿಗೆ ಮಂದವಾದದ್ದು. ಸಂಜೆ ಪಲ್ಪಿಂಗ್ ಮುಗಿದ ಕೂಡಲೇ, ಹಣ್ಣಿನ ಬಿಸಿಲಿನ ಕಾವು ಆರುವ ಮುಂಚೆ ಹಾಕಿ, ಟಾರ್ಪಾಲು ಮುಚ್ಚುವುದು ಲೇಸು. ಪುಡಿಯನ್ನು ಬಕೆಟ್ ನೀರಿನಲ್ಲಿ ಕರಗಿಸಿ ಎಲ್ಲ ಪದರಕ್ಕೂ ಸಿಗುವಂತೆ ಕಲಸಬೇಕು, ಮೇಲೆ ಎರಚಿದರೆ ಮೇಲಿನದಷ್ಟೇ ಬಿಡುತ್ತದೆ. ತೊಟ್ಟಿಯಲ್ಲಿ ನಿಂತ ನೀರನ್ನು ಮೊದಲು ಬಸಿಯಬೇಕು, ಇಲ್ಲವಾದರೆ ಕಿಣ್ವ ತೆಳುವಾಗಿ ಸೋಲುತ್ತದೆ. ಹದ ನೋಡುವುದು ಕೈಯಲ್ಲೇ: ಒಂದು ಹಿಡಿ ಬೀಜ ತೊಳೆದು ಉಜ್ಜಿದಾಗ ಜಾರದೆ ಗರಗರ ಎಂದರೆ ಆಗಿದೆ.

ಒಂದು ಮಾತನ್ನು ಪೊಟ್ಟಣ ಹೇಳುವುದಿಲ್ಲ. ಪಲ್ಪಿಂಗ್ ನೀರಿನ ಬಿಒಡಿ, ಅಂದರೆ ಅದರಲ್ಲಿನ ಕೊಳೆ ಒಡೆಯಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಇರುತ್ತದೆ, ಒಳನಾಡಿನ ನೀರಿಗೆ ಬಿಡಲು ಸಾಮಾನ್ಯ ಮಿತಿ 30. ಕಿಣ್ವ ಹಾಕಿದ ತೋಟದಲ್ಲಿ ತೊಳೆಯುವ ನೀರಿನ ಪ್ರಮಾಣ ಕಡಿಮೆಯಾಗಬಹುದು, ಆದರೆ ಲೋಳೆ ಎಲ್ಲೂ ಮಾಯವಾಗಿಲ್ಲ. ಗಟ್ಟಿಯಾಗಿ ಕೆನೆಗಟ್ಟಬಹುದಾಗಿದ್ದ ಪೆಕ್ಟಿನ್ ಈಗ ಸಣ್ಣ ತುಂಡುಗಳಾಗಿ ನೀರಿನಲ್ಲಿ ಕರಗಿದೆ ಅಷ್ಟೆ. ಮೊದಲು ಬಲೆಗೆ ಸಿಗುತ್ತಿದ್ದ ಪಾಲೂ ಈಗ ಸೋರಿ ಮುಂದಿನ ಹೊಂಡಕ್ಕೆ ಹೋಗುತ್ತದೆ, ಹಾಗಾಗಿ ಕಿಣ್ವಕ್ಕೆ ಬದಲಾದ ತೋಟದಲ್ಲಿ ಹುಳಿ ತಗ್ಗಿಸಲು ಆ ಹೊಂಡಕ್ಕೆ ಹಾಕುವ ಸುಣ್ಣದ ಪ್ರಮಾಣವನ್ನು ಹಿಂದಿನ ವರ್ಷದ ಅಂದಾಜಿನಲ್ಲಿ ಬಿಡದೆ, ಪಿಎಚ್ ಪಟ್ಟಿ ಹಿಡಿದು ಹೊಸದಾಗಿ ಗೊತ್ತು ಮಾಡಬೇಕಾಗುತ್ತದೆ.